ಅರವತ್ತು ಡಿಗ್ರಿ

ಕುರುಗೋಡು ಗುಡ್ಡದ ಬಂಡೆಗೆ ಕಂಪಾಸ್ ಹಿಡಿದು ಅಕ್ಷಿತಾ ಮೂರನೇ ಸಲ ಓದಿದಳು. "ನಲವತ್ತೆರಡು ಡಿಗ್ರಿ, ಸರ್."

"ಅರವತ್ತು!" ಪ್ರೊಫೆಸರ್ ಮರಿಬಸಪ್ಪ ಗುಡುಗಿದರು. "ಈ ಬಿರುಕಿನ ದಿಕ್ಕು ಅರವತ್ತು ಅಂತ ನನ್ನ ನಕ್ಷೆದಾಗ ಐತಿ. ಇಪ್ಪತ್ತು ವರ್ಷದಿಂದ ಬಂದೋರೆಲ್ಲ ಅದನ್ನ ಬರದಾರ. ನಿಮ್ಮ ತೆಕ್ಕಲಕೋಟ್ಯಾಗ ಭತ್ತ ನಾಟಿ ಮಾಡೋದು ಬಿಟ್ಟು ನಿನಗ್ಯಾಕವ್ವ ಜಿಯಾಲಜಿ?" ಎಂ.ಎಸ್ಸಿ. ತರಗತಿಯ ಉಳಿದ ಹನ್ನೊಂದು ಜನ ಕಿಸಕ್ಕನೆ ನಕ್ಕರು.

ಪ್ರೊಫೆಸರ್ ತಾವೇ ಬಗ್ಗಿದರು. ಫೋಟೊದಲ್ಲಿ ಬಿರುಕಿನ ಗಾತ್ರ ತಿಳಿಯಲೆಂದು, ಎಂದಿನಂತೆ ಮೊದಲು ತಮ್ಮ ಕಬ್ಬಿಣದ ಸುತ್ತಿಗೆಯನ್ನು ಅದರ ಪಕ್ಕದಲ್ಲಿಟ್ಟು, ಆಮೇಲೆ ಕಂಪಾಸ್ ಇಟ್ಟರು. ಮುಳ್ಳು ಅರವತ್ತಕ್ಕೆ ನಿಂತಿತು. "ನೋಡಿದೇನು?"

ಅಕ್ಷಿತಾ ಸುತ್ತಿಗೆಯನ್ನು ಎತ್ತಿ ದೂರ ಇಟ್ಟಳು. ಮುಳ್ಳು ಹೊಯ್ದಾಡಿ ನಲವತ್ತೆರಡಕ್ಕೆ ಬಂತು. ಕಬ್ಬಿಣದ ಹತ್ತಿರ ಕಂಪಾಸ್ ಇಡಬಾರದೆಂದು ಮೊದಲ ದಿನವೇ ಹೇಳಿಕೊಟ್ಟವರು ಇವರೇ. ನಗು ಗಪ್ಪನೆ ನಿಂತಿತು. ಪ್ರೊಫೆಸರರ ಮುಖ ಬಿಳಿಚಿಕೊಂಡಿತು. ಭೂಫಲಕಗಳು ಈ ಗುಡ್ಡವನ್ನು ಯಾವ ಕಡೆಯಿಂದ ಒತ್ತಿದವು ಎಂಬ ಅವರ ಡಾಕ್ಟರೇಟು ನಿಂತಿದ್ದೇ ಆ ಅರವತ್ತರ ಮೇಲೆ. ಇನ್ನೇನು 'ತಪ್ಪಾಯಿತು' ಅನ್ನುತ್ತಾರೆ ಎಂದು ಒಂದು ಗಳಿಗೆ ಅವಳು ನಿಜಕ್ಕೂ ನಂಬಿದಳು.

ಅವರು ಎದ್ದು ಹೋಗಿ ಸುತ್ತಿಗೆಯನ್ನು ತಂದು, ಮೊದಲಿದ್ದ ಜಾಗದಲ್ಲೇ ಜೋಪಾನವಾಗಿ ಇಟ್ಟರು.

"ಈಗ ಓದವ್ವ. ಇಂಟರ್ನಲ್ ಮಾರ್ಕ್ಸ್ ಹಾಕೋದು ಇನ್ನೂ ಐತಿ."

ಅವಳ ಬೆನ್ನ ಹಿಂದೆ ಹನ್ನೊಂದು ಪೆನ್ನುಗಳು ಆಗಲೇ ಅರವತ್ತೆಂದು ಬರೆಯುತ್ತಿದ್ದವು.