ಸಂಪಿಗೆ ಬಿಟ್ಟಿದೆ ಎಂದು ಯಾರಿಗೆ ಹೇಳುವುದು?

ಧಾರವಾಡದ ಒಂದು ಬಡಾವಣೆಯಲ್ಲಿ ಪ್ರಮೀಳಾ ಹಂಚಿನಮನಿ ಎಂಬ ನಿವೃತ್ತ ಲ್ಯಾಬ್ ಟೆಕ್ನಿಷಿಯನ್ ಇದ್ದರು...

ಮದುವೆಯಾಗಿರಲಿಲ್ಲ. ಜೊತೆಗಿದ್ದ ಅಕ್ಕ ಮೂರು ವರ್ಷದ ಹಿಂದೆ ತೀರಿಕೊಂಡ ಮೇಲೆ ಮನೆಯಲ್ಲಿ ಅವರೊಬ್ಬರೇ.

ಕೆಲವು ದಿನ ಮಧ್ಯಾಹ್ನದ ಹೊತ್ತಿಗೆ ಅವರಿಗೆ ತಟ್ಟನೆ ಅನ್ನಿಸುತ್ತಿತ್ತು... ಬೆಳಿಗ್ಗೆಯಿಂದ ನಾನು ಒಂದು ಮಾತೂ ಆಡಿಲ್ಲವಲ್ಲ.

ನಿವೃತ್ತಿಯಾದ ವಾರ ಅವರು ಹಿತ್ತಿಲಲ್ಲಿ ಒಂದು ಕೆಂಡಸಂಪಿಗೆ ಸಸಿ ನೆಟ್ಟಿದ್ದರು. ನರ್ಸರಿಯವರು ಬೀಜದಿಂದ ಎಬ್ಬಿಸಿದ್ದು. ಹೂವಿಗೆ ಎಂಟು-ಹತ್ತು ವರ್ಷ ಕಾಯಬೇಕು.

ಮೊದಲ ಎರಡು ಬೇಸಿಗೆ ಬಿಸಿಲು ತಾಗದಂತೆ ಹಳೆಯ ಸೀರೆ ಕಟ್ಟಿದರು. ಬುಡಕ್ಕೆ ಒಣ ಎಲೆ ಹೊದಿಸಿದರು. ಅಕ್ಕಿ ತೊಳೆದ ನೀರನ್ನು ಒಂದು ದಿನವೂ ಚೆಲ್ಲದೆ ಅದಕ್ಕೇ ಹಾಕಿದರು.

ಮರ ಮಾಳಿಗೆಗಿಂತ ಎತ್ತರ ಬೆಳೆಯಿತು... ಹೂವು ಮಾತ್ರ ಇಲ್ಲ.

"ಕಡಿಸಿಬಿಡ್ರಿ ಮೇಡಂ. ಬರೇ ಕಸಾ ಆಗ್ತದ," ಎಂದರು ಪಕ್ಕದ ಮನೆಯವರು. ಪ್ರಮೀಳಾ ನಕ್ಕು, ಬುಡಕ್ಕೆ ನೀರು ಹಾಕಿದರು.

ಒಂಬತ್ತನೆಯ ವರ್ಷದ ಜೂನ್. ಒಂದು ಬೆಳಿಗ್ಗೆ ಹಿತ್ತಿಲ ಬಾಗಿಲು ತೆರೆದರೆ... ಘಮ್ಮೆನ್ನುವ ಪರಿಮಳ.

ತುದಿಯ ಕೊಂಬೆಯಲ್ಲಿ ಮೂರು ಹೂವು.

ಫೋಟೋ ತೆಗೆದರು. ವಾಟ್ಸಾಪ್ ತೆರೆದರು... ಯಾರಿಗೆ ಕಳಿಸುವುದು?

ಗ್ಯಾಸ್ ಏಜೆನ್ಸಿ. ಎಲೆಕ್ಟ್ರಿಷಿಯನ್. ಮೆಡಿಕಲ್ ಶಾಪ್. ಆಮೇಲೆ, ಇನ್ನೂ ಅಳಿಸದ ಅಕ್ಕನ ನಂಬರ್.

ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು...

ಇನ್ನೂ ಕೆಳಗೆ ‘ನರ್ಸರಿ ದಾವಲಸಾಬ್’. ಈ ಸಸಿ ಕೊಟ್ಟವರು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅವರನ್ನು ಮಾತಾಡಿಸಿರಲಿಲ್ಲ. ಆದರೂ ಫೋನ್ ಮಾಡಿದರು.

ಎತ್ತಿದ್ದು ಒಬ್ಬ ಹೆಂಗಸು. "ಯಾರ್ರಿ?"

"ದಾವಲಸಾಬ್ರ ಹತ್ರ ಒಂದು ಸಂಪಿಗಿ ಸಸಿ ಒಯ್ದಿದ್ದೆರಿ..."

"ಅವ್ರು ತೀರ್ಕೊಂಡು ಎಂಟು ತಿಂಗಳಾತ್ರಿ. ನಾ ಅವ್ರ ಮನ್ಯಾಕಿ, ಹುಸೇನಬಿ. ಯಾಕ್ರಿ, ಗಿಡ ಒಣಗೇತೇನು?"

"ಇಲ್ರಿ... ಹೂ ಬಿಟ್ಟೈತಿ. ಅಷ್ಟ ಹೇಳೂಣಂತ ಮಾಡ್ದೆ."

ಆ ಕಡೆಯಿಂದ ಅಳು ಕೇಳಿಸಿತು...

"ಮೂವತ್ತು ವರ್ಷ ಸಸಿ ಮಾರಿದ್ರು ಅವ್ರು. ಗಿಡ ಸತ್ರ ಎಲ್ಲಾರೂ ಫೋನ್ ಮಾಡಿ ಬೈತಿದ್ರು. ಹೂ ಬಿಟ್ಟೈತಂತ ಹೇಳಾಕ ಒಬ್ರೂ ಮಾಡಿದ್ದಿಲ್ರಿ."

ಆಮೇಲೆ ಹುಸೇನಬಿಯೇ ಕೇಳಿದರು... "ನಾ ಬಂದು ನೋಡ್ಲೇನ್ರಿ?"

ಮರುದಿನ ಹತ್ತು ಗಂಟೆಯ ಬಸ್ಸಿಗೆ ಹುಸೇನಬಿ ಬಂದರು. ಮರದ ಕಾಂಡದ ಮೇಲೆ ಅಂಗೈ ಇಟ್ಟು, ಕತ್ತೆತ್ತಿ ನೋಡುತ್ತ ಬಹಳ ಹೊತ್ತು ನಿಂತರು. ಕಣ್ಣೊರೆಸಿಕೊಳ್ಳಲೂ ಇಲ್ಲ.

ಪ್ರಮೀಳಾ ಚಹಾ ತಂದರು. ಅಕ್ಕ ಹೋದ ಮೇಲೆ ಆ ಮನೆಯಲ್ಲಿ ಎರಡು ಕಪ್ ಒಟ್ಟಿಗೆ ತುಂಬಿದ್ದು ಅದೇ ಮೊದಲು.

"ಅವ್ರು ಬಿಟ್ಟು ಹೋದ ಸಸಿ ಇನ್ನೂ ಹಿತ್ತಲದಾಗ ಅದಾವ್ರಿ," ಎಂದರು ಹುಸೇನಬಿ. "ಹೋದ ವಾರದಿಂದ ನೀರ ಹಾಕೂದು ಬಿಟ್ಟೀನಿ. ಯಾರಿಗಂತ ಹಾಕ್ಲಿ ಅನಿಸ್ತು..."

ಚಹಾ ಆರುತ್ತಿತ್ತು.

"ನಾಳಿಂದ ಮತ್ತ ನೀರ ಹಾಕ್ತೀನ್ರಿ."

ಪ್ರಮೀಳಾ ಮೆಲ್ಲಗೆ ಕೇಳಿದರು... "ನಾನೂ ಬರ್ಲೇನು?"

ಹುಸೇನಬಿ ಪ್ರಮೀಳಾ ಮುಖ ನೋಡಿದರು.

"ಬರ್ರಿ. ಕೊಡ ಎರಡು ಅದಾವ."

ಗಿಡ ಒಣಗಿದಾಗ ದೂರಲು ನಂಬರ್ ಹುಡುಕುವ ನಾವು, ಹೂ ಬಿಟ್ಟಾಗಲೂ ಒಂದು ಫೋನ್ ಮಾಡಬೇಕು.

ನಿಮ್ಮ ಬದುಕಿಗೆ ಸಸಿ ಕೊಟ್ಟವರು ಯಾರು... ಹೂ ಬಿಟ್ಟ ಸುದ್ದಿಯನ್ನು ಅವರಿಗೆ ಹೇಳಿದ್ದೀರಾ?