ಸ್ಕಾರ್ಬೆಕ್‌ನಿಂದ ಆಚೆ ಹೋದ ಮತ

ಆ ಬೆಳಿಗ್ಗೆ ಗುಡ್ಡದಿಂದ ಇಳಿದ ಮಂಜು ಹೊತ್ತೇರಿದರೂ ಕರಗಿರಲಿಲ್ಲ. ಕಿಟಕಿಯಾಚೆ ತನ್ನದೇ ಹೊಲ, ತನ್ನ ತಾತ ಕಟ್ಟಿಸಿದ ಇಗರ್ಜಿಯ ಗೋಪುರ. ಒಂದೂ ಸರ್ ಆಂಬ್ರೋಸ್ ಥಾರ್ನ್‌ಹೋಮ್‌ನ ಕಣ್ಣಿಗೆ ಬೀಳುತ್ತಿರಲಿಲ್ಲ. ಮೂರು ತಲೆಮಾರು ಅವನ ಮನೆತನ ಕೂತಿದ್ದ ಪಾರ್ಲಿಮೆಂಟಿನ ಪೀಠ ನಿನ್ನೆ ಒಂದೇ ಒಂದು ಮತದಿಂದ ಗಿರಣಿ ಮಾಲೀಕ ಕ್ರಾಬ್ಟ್ರಿಯ ಪಾಲಾಗಿತ್ತು.

"ನನಗೆ ಕೈಕೊಟ್ಟವನು ಯಾರಯ್ಯಾ?"

"ಹೆಸರು ತಿಳೀಲಿಲ್ಲ ಧಣಿ," ಎಂದ ಪಾರುಪತ್ಯಗಾರ ಗಿಡ್ಲಿ. "ಗುಮಾಸ್ತ ಲೆಕ್ಕ ಮಾತ್ರ ಹೇಳ್ದ. ನಮ್ಮ ಸ್ಕಾರ್ಬೆಕ್ ಊರಿನೋರು ನಲವತ್ತೊಂದು ಜನ. ನಲವತ್ತು ನಿಮಗೆ. ಒಂದು ಆಚೆಗೆ."

ಆ ಕಾಲದಲ್ಲಿ ಕಟ್ಟೆ ಹತ್ತಿ, ಊರೆದುರು ಬಾಯಿಬಿಟ್ಟು ಹೇಳುವುದೇ ಮತ. ಆದರೆ ನಿನ್ನೆ ವಾದ್ಯದ ಗದ್ದಲದಲ್ಲಿ ಬರೆದುಕೊಳ್ಳುವ ಗುಮಾಸ್ತನಿಗಲ್ಲದೆ ಯಾರ ಮಾತೂ ಬೇರೆ ಯಾರಿಗೂ ಕೇಳಿರಲಿಲ್ಲ. ಆಂಬ್ರೋಸ್ ಮುಂಜಾನೆಯೇ ಮೊದಲಿಗನಾಗಿ ಕಟ್ಟೆ ಹತ್ತಿ, ತಾತನ ಕಾಲದ ರೀತಿಯಲ್ಲೇ ನಡೆದುಕೊಂಡು, ಎದುರಾಳಿಗೆ ಟೋಪಿ ಎತ್ತಿ ಮನೆಗೆ ಬಂದಿದ್ದ. ಆಗ ಗಿಡ್ಲಿ ಒಕ್ಕಲುಗಳನ್ನು ಗಾಡಿಗೆ ಹತ್ತಿಸುತ್ತಿದ್ದ.

"ಥಾಕ್ರಾನೇ ಇರ್ಬೇಕು. ಮೊಲದ ವಿಷ್ಯಕ್ಕೆ ಜಗಳಕ್ಕೆ ನಿಂತಿದ್ನಲ್ಲ," ಎಂದ ಗಿಡ್ಲಿ.

ಮುದುಕ ಎನೋಕ್ ಥಾಕ್ರಾ ಟೋಪಿ ಕೈಯಲ್ಲಿ ಹಿಡಿದು ಬಂದ.

"ಉಂಡ ಮನೆಗೆ ಎರಡು ಬಗೆದೆಯಲ್ಲೋ, ಎನೋಕ್!"

"ನಿಮ್ಮ ಹೆಸರೇ ಹೇಳಿದ್ದು ಧಣಿ, ದೇವ್ರಾಣೆ. ನಿಮ್ಮ ಮೊಲ ನನ್ನ ಬೆಳೆ ತಿಂದಿರಬಹುದು, ನಿಮ್ಮ ನೆಲದ ಋಣ ತಿಂದಿಲ್ಲ."

"ಜೋರಾಗಿ ಹೇಳ್ಬೇಕಿತ್ತಪ್ಪ," ಗಿಡ್ಲಿ ನಕ್ಕ. "ಮೊಲಕ್ಕೆ ಬೈಯೋವಾಗ ಏನು ಗಂಟಲು ನಿಂದು!"

"ಯಾರು ಯಾರಿಗೆ ಹಾಕಿದ್ರು ಅಂತ ಮತದ ಪುಸ್ತಕ ಅಚ್ಚಾಗಿ ಬರೋವರೆಗಾದ್ರೂ ತಾಳಿ," ಎಂದ ಎನೋಕ್.

"ದ್ರೋಹಿ ಯಾರು ಅಂತ ತಿಳಿಯೋಕೆ ನನಗೆ ಪುಸ್ತಕ ಬೇಕಾಗಿಲ್ಲ," ಎಂದ ಆಂಬ್ರೋಸ್.

ಎನೋಕ್‌ನ ಗುತ್ತಿಗೆ ಸೆಪ್ಟೆಂಬರ್ ಕೊನೆಗೆ ಬರುವ ಸಂತ ಮೈಕೇಲನ ಹಬ್ಬಕ್ಕೆ ಮುಗಿಯುತ್ತಿತ್ತು. ಹೊಸದು ಬರೆಯಲಿಲ್ಲ. ಹೊಲವನ್ನು ಇನ್ನೊಬ್ಬನಿಗೆ ಕೊಡುವುದಾಗಿ ಆಂಬ್ರೋಸ್ ಅಂದೇ ಮಾತು ಕೊಟ್ಟ. ಥಾರ್ನ್‌ಹೋಮ್‌ಗಳು ಮಾತು ಕೊಟ್ಟರೆ ಮುಗಿಯಿತು. ಆಮೇಲೆ ದೇವರು ಬಂದು ಕೇಳಿದರೂ ತಪ್ಪುವವರಲ್ಲ.

ಹಬ್ಬದ ದಿನ ಎನೋಕ್ ಬಾಗಿಲಲ್ಲಿ ನಿಂತ. ಹೊರಗೆ ಗಾಡಿಯಲ್ಲಿ ಹಾಸಿಗೆ, ಗಡಿಯಾರ, ಮುದುಕಿ. ಒಳಗೆ, ಅಂದೇ ಬಂದ ಮತದ ಪುಸ್ತಕದ ಮುಂದೆ ಆಂಬ್ರೋಸ್ ಹಾಳೆಯೊಂದರ ಮೇಲೆ ಬೆರಳಿಟ್ಟು ಕೂತಿದ್ದ.

"ಕ್ರಾಬ್ಟ್ರಿ ತನ್ನ ಮತ ಯಾರಿಗೆ ಹಾಕಿದಾನೆ, ಧಣಿ?" ಗಿಡ್ಲಿ ಮೆಲ್ಲನೆ ಕೇಳಿದ.

"ತನಗೇ."

"ಈಗಲಾದ್ರೂ ಥಾಕ್ರಾನ್ನ ಉಳಿಸ್ಕೊಳ್ಳಿ."

"ಮಾತು ಕೊಟ್ಟಾಗಿದೆ."

ತನ್ನ ಮತವನ್ನು ತನಗೇ ಹಾಕಿಕೊಳ್ಳುವುದು ಕುಲೀನನಿಗೆ ಸಲ್ಲದು, ಎದುರಾಳಿಗೇ ಕೊಡಬೇಕು. ಅದು ತಾತನ ಕಾಲದ ರೀತಿ. ಎನೋಕ್ ಮುಂದೆ ಬಂದು, ತೆರೆದ ಹಾಳೆಯ ಮೇಲೆ, ಕ್ರಾಬ್ಟ್ರಿಗೆ ಮತ ಹಾಕಿದ ಸ್ಕಾರ್ಬೆಕ್‌ನ ಆ ಒಂದೇ ಹೆಸರಿನ ಪಕ್ಕ, ‘ಸರ್ ಆಂಬ್ರೋಸ್ ಥಾರ್ನ್‌ಹೋಮ್’ ಎಂಬ ಅಕ್ಷರಗಳ ಪಕ್ಕ, ತನ್ನ ಮನೆಯ ಬೀಗದ ಕೈ ಇಟ್ಟ.