ಮಡಚಿ ಪಿನ್ನು ಚುಚ್ಚಿದ ಹೆಸರು

ಮಗಳ ಪೆನ್ನು ಸೋರಿ ಬೆರಳಿಗೆ ಕೆಂಪು ಶಾಯಿ ಹತ್ತಿದರೆ ಇಂದಿಗೂ ಊರಿಗಾಂನ ನಮ್ಮ ಮನೆಯ ಊಟದ ಮೇಜು ನೆನಪಾಗುತ್ತದೆ.

ನಮ್ಮ ಕ್ಲಾಸಿನ ಲೆಕ್ಕದ ಪೇಪರುಗಳನ್ನು ತಿದ್ದುತ್ತಿದ್ದವಳು ನನ್ನ ಅಮ್ಮನೇ. ಯಾರದೆಂದು ಕಾಣಬಾರದೆಂದು ಹೆಸರಿದ್ದ ಮೂಲೆಗಳನ್ನು ಮಡಚಿ ಗುಂಡುಪಿನ್ನು ಚುಚ್ಚಿಡುತ್ತಿದ್ದಳು. ಒಂದು ಮಧ್ಯಾಹ್ನ ನನ್ನೆದುರೇ ಯಾರದೋ ಪೇಪರನ್ನು ಅಂಗೈಯಿಂದ ಮೆಲ್ಲಗೆ ಸವರಿದಳು.

"ಉತ್ತರ ತಪ್ಪು. ಆದ್ರೂ ಈ ಮಗು ಸ್ಟೆಪ್ಪೆಲ್ಲಾ ಎಷ್ಟು ನೀಟಾಗಿ ಬರ್ದೈತೆ ನೋಡೇ! ಮೂರು ಮಾರ್ಕ್ಸ್ ಕೊಡ್ಲೇಬೇಕು."

ಓರೆ ಅಂಕಿಗಳು, ನನ್ನ ಪಕ್ಕ ಕೂರುವ ಸೆಲ್ವಿಯವೇ. ಮುಂದಿನದು ನನ್ನ ಪೇಪರು. ಅದೇ ಲೆಕ್ಕಕ್ಕೆ ನನ್ನ ಉತ್ತರ ಸರಿಯಿತ್ತು, ಸ್ಟೆಪ್ಪು ಒಂದೂ ಇರಲಿಲ್ಲ. ಅಮ್ಮ ಒಂದೇ ಮಾರ್ಕ್ಸ್ ಕೊಟ್ಟಳು.

"ನನ್ನ ಕೈಬರಹ ಗೊತ್ತಾಗ್ಲಿಲ್ವಾಮ್ಮ?"

"ಗೊತ್ತಾಯ್ತು ಕಣೇ. ಅದ್ಕೇ ಎರಡು ಸಲ ನೋಡ್ದೆ."

ಸಂಜೆ ಜಡೆ ಹಾಕಲು ಕರೆದಾಗ, "ಹೋಗಿ ಸೆಲ್ವಿಗೇ ಹಾಕು" ಎಂದೆ. ಅಮ್ಮ ನಕ್ಕು ನನ್ನ ತಲೆ ಸವರಿದಳು. ಆ ಪೇಪರನ್ನು ಸವರಿದಷ್ಟು ಮೆಲ್ಲಗೆ ಸವರಲಿಲ್ಲ ಅನ್ನಿಸಿತು.